ಪೊಲೀಸರ ತಪ್ಪಿಗೆ ಪರಿಹಾರ ಯಾರ ಹಣದಿಂದ? ಸರ್ಕಾರದ ಮೇಲೆ ದಾವೆ ಹೂಡುವ ಕಾನೂನು ಮತ್ತು ಅದರ ಕಷ್ಟಗಳು

2025ರ ಜುಲೈ 21ರಂದು ಸುಪ್ರೀಂ ಕೋರ್ಟ್ ನೀಡಿದ ಒಂದು ತೀರ್ಪು ಓದುಗರಲ್ಲಿ ಮೆಚ್ಚುಗೆಯನ್ನೂ ಗೊಂದಲವನ್ನೂ ಒಟ್ಟಿಗೇ ಹುಟ್ಟಿಸಿತು. ಜಮ್ಮು ಮತ್ತು ಕಾಶ್ಮೀರದ ಕುಪ್ವಾರಾದಲ್ಲಿರುವ ಜಂಟಿ ವಿಚಾರಣಾ ಕೇಂದ್ರದಲ್ಲಿ 2023ರ ಫೆಬ್ರುವರಿಯಲ್ಲಿ ಒಬ್ಬ ಪೊಲೀಸ್ ಕಾನ್‌ಸ್ಟೆಬಲ್ ಅವರನ್ನು ಆರು ದಿನ ಅಕ್ರಮವಾಗಿ ಕೂಡಿಟ್ಟು, ಅವರದೇ ಇಲಾಖೆಯವರು ಅಮಾನುಷವಾಗಿ ಹಿಂಸಿಸಿದ ಪ್ರಕರಣ ಅದು. ಸಂತ್ರಸ್ತರಿಗೆ 50 ಲಕ್ಷ ರೂಪಾಯಿ ಪರಿಹಾರ ಕೊಡಬೇಕು, ಸಿಬಿಐ ತನಿಖೆ ನಡೆಸಬೇಕು, ತನಿಖೆ ಮುಗಿದ ಮೇಲೆ ಇಲಾಖಾ ಕ್ರಮಕ್ಕೆ ಒಳಗಾಗುವ ಅಧಿಕಾರಿಗಳಿಂದ ಆ ಮೊತ್ತವನ್ನು ವಸೂಲು ಮಾಡಬಹುದು ಎಂದು ನ್ಯಾಯಪೀಠ ಹೇಳಿತು.

ಗೊಂದಲ ಸಹಜವಾದದ್ದೇ. ಯಾರೊಬ್ಬರ ಮೇಲೂ ವಿಚಾರಣೆ ನಡೆದು ಶಿಕ್ಷೆಯಾಗುವ ಮೊದಲೇ ಪರಿಹಾರ ಕೊಡಿಸಲು ನ್ಯಾಯಾಲಯಕ್ಕೆ ಸಾಧ್ಯವೆಂದಾದರೆ, ಇದೇ ಬಗೆಯ ಅನ್ಯಾಯಕ್ಕೆ ಒಳಗಾದ ಎಷ್ಟೋ ಮಂದಿ ಸಿವಿಲ್ ನ್ಯಾಯಾಲಯಗಳಲ್ಲಿ ದಶಕಗಟ್ಟಲೆ ಅಲೆಯುವುದೇಕೆ? ಒಂದು ಪ್ರಕರಣದಲ್ಲಿ 50 ಲಕ್ಷ, ಇನ್ನೊಂದರಲ್ಲಿ 5 ಲಕ್ಷ, ಮತ್ತೊಂದರಲ್ಲಿ ‘ಪೂರ್ವಾನುಮತಿ ಪಡೆದಿಲ್ಲ’ ಎಂಬ ಕಾರಣಕ್ಕೆ ಏನೂ ಇಲ್ಲ ಎಂದಾಗುವುದು ಹೇಗೆ? ತಪ್ಪು ಮಾಡಿದವರು ಅಧಿಕಾರಿಗಳಾಗಿರುವಾಗ ಹಣ ಜನರ ತೆರಿಗೆಯಿಂದ ಹೋಗುವುದು ಸರಿಯೇ?

ಭಾರತದಲ್ಲಿ ಇಂಥ ಪರಿಹಾರಕ್ಕೆ ಎರಡು ಪ್ರತ್ಯೇಕ ದಾರಿಗಳಿವೆ ಎಂಬುದನ್ನು ತಿಳಿದರೆ ಈ ಪ್ರಶ್ನೆಗಳ ಸಿಕ್ಕು ಬಹುಮಟ್ಟಿಗೆ ಬಿಡಿಸಿಕೊಳ್ಳುತ್ತದೆ. ಒಂದು, ಹೈಕೋರ್ಟ್ ಅಥವಾ ಸುಪ್ರೀಂ ಕೋರ್ಟ್‌ನಲ್ಲಿ ಸಲ್ಲಿಸುವ ರಿಟ್ ಅರ್ಜಿ. ಇನ್ನೊಂದು, ಕೆಳಹಂತದ ಸಿವಿಲ್ ನ್ಯಾಯಾಲಯದಲ್ಲಿ ಹೂಡುವ ನಷ್ಟಪರಿಹಾರದ ದಾವೆ. ಮೊದಲನೆಯದು ನಾಲ್ಕು ದಶಕಗಳಲ್ಲಿ ವಿಸ್ತಾರವಾಗಿ ಬೆಳೆದಿದೆ. ಎರಡನೆಯದು ಬ್ರಿಟಿಷರ ಕಾಲದ ಅಡೆತಡೆಗಳೊಂದಿಗೇ ಉಳಿದಿದೆ. ತಪ್ಪು ಮಾಡಿದ ಅಧಿಕಾರಿ ಸಾಕ್ಷಿಕಟ್ಟೆಯಲ್ಲಿ ನಿಂತು ಪ್ರಮಾಣ ಮಾಡಿ ಉತ್ತರ ಕೊಡಬೇಕಾದದ್ದು ಎರಡನೆಯ ದಾರಿಯಲ್ಲಿ, ಕಟ್ಟಿಹೋಗಿರುವುದೂ ಅದೇ.

ಜೈಲುಶಿಕ್ಷೆ ಬೇರೆ, ಪರಿಹಾರ ಬೇರೆ

ಅಧಿಕಾರಿಯೊಬ್ಬ ಅಧಿಕಾರ ಮೀರಿ ನಡೆದಾಗ ಮೂರು ಬಗೆಯ ಹೊಣೆ ಹುಟ್ಟುತ್ತದೆ. ಕ್ರಿಮಿನಲ್ ಪ್ರಕರಣದಲ್ಲಿ ಆತ ಆರೋಪಿಯಾಗುತ್ತಾನೆ. ಇಲಾಖಾ ವಿಚಾರಣೆಯಲ್ಲಿ ಆತನ ಹುದ್ದೆ, ಬಡ್ತಿಗಳು ಪಣಕ್ಕೆ ಬೀಳುತ್ತವೆ. ಸಿವಿಲ್ ದಾವೆಯಲ್ಲಿ ಆತ ಪ್ರತಿವಾದಿ. ಅಲ್ಲಿ ಕೇಳುವ ಪ್ರಶ್ನೆ ವಾದಿಗೆ ಆದ ನಷ್ಟ ಎಷ್ಟು, ಅದನ್ನು ಯಾರು ತುಂಬಿಕೊಡಬೇಕು ಎಂಬುದು. ಕ್ರಿಮಿನಲ್ ಪ್ರಕರಣದಲ್ಲಿ ಆರೋಪ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗಬೇಕು. ಸಿವಿಲ್ ದಾವೆಯಲ್ಲಿ ಯಾರ ಕಥನ ಹೆಚ್ಚು ಸಂಭವನೀಯ ಎಂದು ತೂಗಿ ನೋಡಿದರೆ ಸಾಕು.

ಈ ವ್ಯತ್ಯಾಸದ ಪರಿಣಾಮ ಅಮೆರಿಕದ ಒಂದು ಪ್ರಕರಣದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. 2015ರ ಫೆಬ್ರುವರಿಯಲ್ಲಿ ಅಲಬಾಮಾ ರಾಜ್ಯದ ಮ್ಯಾಡಿಸನ್ ನಗರದಲ್ಲಿ, ಮಗನ ಮನೆಗೆ ಬಂದಿದ್ದ ಗುಜರಾತಿನ ಹಿರಿಯರೊಬ್ಬರು ಪಾದಚಾರಿ ದಾರಿಯಲ್ಲಿ ನಡೆದುಹೋಗುತ್ತಿದ್ದಾಗ ಪೊಲೀಸ್ ಅಧಿಕಾರಿಯೊಬ್ಬ ಅವರನ್ನು ತಡೆದು ನೆಲಕ್ಕೆ ಕೆಡವಿದ. ಅವರ ಬೆನ್ನುಹುರಿಗೆ ಏಟು ಬಿದ್ದು ದೇಹ ಭಾಗಶಃ ಸ್ವಾಧೀನ ಕಳೆದುಕೊಂಡಿತು. ಆ ಅಧಿಕಾರಿಯ ಮೇಲಿನ ಕ್ರಿಮಿನಲ್ ವಿಚಾರಣೆಯಲ್ಲಿ ಎರಡು ಸಲವೂ ಜ್ಯೂರಿಗಳು ಒಮ್ಮತಕ್ಕೆ ಬರಲಿಲ್ಲ, ಕೊನೆಗೆ 2016ರಲ್ಲಿ ನ್ಯಾಯಾಧೀಶರು ಆತನನ್ನು ದೋಷಮುಕ್ತಗೊಳಿಸಿದರು. ಸಿವಿಲ್ ದಾವೆ ಮಾತ್ರ ಮುಂದುವರಿಯಿತು. ಅಧಿಕಾರಿಗೆ ಕಾನೂನಿನ ರಕ್ಷಣೆ ಸಿಗುವುದಿಲ್ಲ ಎಂದು ಮೇಲ್ಮನವಿ ನ್ಯಾಯಾಲಯ 2020ರಲ್ಲಿ ಹೇಳಿತು, 2021ರಲ್ಲಿ 17.5 ಲಕ್ಷ ಡಾಲರ್‌ಗೆ ರಾಜಿಯಾಯಿತು. ಅಲ್ಲಿ ಇಂಥ ದಾವೆಗೆ ಆಧಾರವಾಗಿರುವುದು 1871ರಲ್ಲೇ ಬಂದ ಕಾಯ್ದೆ. ಸರ್ಕಾರಿ ಅಧಿಕಾರ ಬಳಸಿ ಸಂವಿಧಾನದತ್ತ ಹಕ್ಕನ್ನು ಕಿತ್ತುಕೊಂಡ ವ್ಯಕ್ತಿಯ ಮೇಲೆ ನೇರವಾಗಿ ದಾವೆ ಹೂಡಲು ಅದು ಅವಕಾಶ ಕೊಡುತ್ತದೆ. ನಮ್ಮಲ್ಲಿ ಅಂಥ ಒಂದು ಕಾಯ್ದೆಯೇ ಇಲ್ಲ.

ಕಂಪನಿ ಸರ್ಕಾರದಿಂದ ಬಂದ ಬಳುವಳಿ

ಕಾಯ್ದೆ ಇಲ್ಲದಿದ್ದರೆ ಸರ್ಕಾರದ ಮೇಲೆ ದಾವೆ ಹೂಡುವುದು ಯಾವ ಆಧಾರದಲ್ಲಿ? ಸಂವಿಧಾನದ 300ನೇ ವಿಧಿಯ ಪ್ರಕಾರ ಕೇಂದ್ರ, ರಾಜ್ಯ ಸರ್ಕಾರಗಳ ಮೇಲೆ ದಾವೆ ಹೂಡಬಹುದು. ಆದರೆ ಎಂಥ ಸಂದರ್ಭಗಳಲ್ಲಿ ಎಂಬ ಪ್ರಶ್ನೆಗೆ ಆ ವಿಧಿ ಹಿಂದಕ್ಕೆ ಬೆರಳು ತೋರಿಸುತ್ತದೆ. ಸಂಸತ್ತು ಅಥವಾ ವಿಧಾನಮಂಡಲ ಬೇರೆ ಕಾನೂನು ಮಾಡುವವರೆಗೆ, ಸಂವಿಧಾನ ಬರುವುದಕ್ಕೆ ಮೊದಲು ಸರ್ಕಾರಕ್ಕೆ ಎಷ್ಟು ಹೊಣೆಯಿತ್ತೋ ಅಷ್ಟೇ ಈಗಲೂ. ಬ್ರಿಟಿಷರ ಕಾಲದ ಭಾರತ ಸರ್ಕಾರ ಕಾಯ್ದೆಗಳಲ್ಲಿ 1935ರದು 1915ರ ಕಾಯ್ದೆಯನ್ನೂ, ಅದು 1858ರ ಕಾಯ್ದೆಯನ್ನೂ ತೋರಿಸುತ್ತ ಹೋಗಿ, ಕೊನೆಗೆ ಉಳಿಯುವ ಪ್ರಶ್ನೆ ಈಸ್ಟ್ ಇಂಡಿಯಾ ಕಂಪನಿಯ ಮೇಲೆ ಇಂಥ ದಾವೆ ನಡೆಯುತ್ತಿತ್ತೇ ಎಂಬುದು.

1861ರಲ್ಲಿ ಕಲ್ಕತ್ತೆಯ ನ್ಯಾಯಾಲಯ ಈ ಪ್ರಶ್ನೆಗೆ ಒಂದು ಉತ್ತರ ಕೊಟ್ಟಿತು. ಖಿದಿರ್‌ಪುರದ ಸರ್ಕಾರಿ ಹಡಗುಕಟ್ಟೆಯ ಕೆಲಸಗಾರರು ರಸ್ತೆಯಲ್ಲಿ ಹೊತ್ತು ಸಾಗಿಸುತ್ತಿದ್ದ ಭಾರಿ ಕಬ್ಬಿಣದ ತುಂಡನ್ನು ಕೆಳಕ್ಕೆ ಬೀಳಿಸಿದಾಗ ಆ ಸದ್ದಿಗೆ ಬೆದರಿದ ಕುದುರೆ ಗಾಯಗೊಂಡಿತ್ತು. ಕುದುರೆ ಒಂದು ಹಡಗು ಕಂಪನಿಯ ಗಾಡಿಗೆ ಕಟ್ಟಿದ್ದು. ಕಂಪನಿ ದಾವೆ ಹೂಡಿತು. ವ್ಯಾಪಾರದಂಥ ಚಟುವಟಿಕೆಯಲ್ಲಿ ಸರ್ಕಾರದ ನೌಕರರು ಮಾಡಿದ ತಪ್ಪಿಗೆ ಸರ್ಕಾರ ಹೊಣೆ, ಆದರೆ ಆಳುವ ಸಾರ್ವಭೌಮ ಅಧಿಕಾರದ ಚಲಾವಣೆಯಲ್ಲಿ ಹೊಣೆಯಿಲ್ಲ ಎಂದು ನ್ಯಾಯಾಲಯ ಗೆರೆ ಎಳೆಯಿತು. ಕುದುರೆಯ ಮಾಲೀಕರಿಗೆ ಪರಿಹಾರ ಸಿಕ್ಕಿತು. ಗೆರೆ ಮಾತ್ರ ಒಂದು ಶತಮಾನ ಉಳಿದು, ಸ್ವತಂತ್ರ ಭಾರತದ ಪ್ರಜೆಗಳ ತಲೆಯ ಮೇಲೆ ಬಂದಿತು.

ಬಂದ ಬಗೆಯನ್ನು ವಿವರವಾಗಿ ನೋಡಬೇಕು. 1947ರ ಸೆಪ್ಟೆಂಬರ್ 20ರಂದು, ಸ್ವಾತಂತ್ರ್ಯ ಬಂದು ಐದು ವಾರಗಳಾಗಿದ್ದಾಗ, ಅಮೃತಸರದ ಚಿನ್ನಬೆಳ್ಳಿ ವ್ಯಾಪಾರ ಸಂಸ್ಥೆಯ ಪಾಲುದಾರರೊಬ್ಬರು ಮಾಲು ಮಾರಲು ಮೀರತ್‌ಗೆ ಬಂದಿದ್ದರು. ಬಜಾರಿನಲ್ಲಿ ಪೊಲೀಸರು ಅವರನ್ನು ಸಂಶಯದ ಮೇಲೆ ಹಿಡಿದು, ನೂರು ತೊಲಕ್ಕೂ ಹೆಚ್ಚು ಚಿನ್ನವನ್ನೂ ಎರಡು ಮಣಕ್ಕೂ ಹೆಚ್ಚು ಬೆಳ್ಳಿಯನ್ನೂ ವಶಪಡಿಸಿಕೊಂಡು ರಾತ್ರಿ ಲಾಕಪ್‌ನಲ್ಲಿಟ್ಟರು. ಮರುದಿನ ಅವರ ಬಿಡುಗಡೆಯಾಯಿತು, ಸ್ವಲ್ಪ ಕಾಲದ ಮೇಲೆ ಬೆಳ್ಳಿಯೂ ಮರಳಿತು. ಚಿನ್ನ ಮಾತ್ರ ಬರಲಿಲ್ಲ. ವಶಪಡಿಸಿಕೊಂಡ ಮಾಲನ್ನು ಖಜಾನೆಗೆ ಕಳುಹಿಸದೆ ಠಾಣೆಯ ಮಾಲ್‌ಖಾನೆಯಲ್ಲೇ ಇಡಲಾಗಿತ್ತು. ಅದರ ಜವಾಬ್ದಾರಿಯಿದ್ದ ಹೆಡ್ ಕಾನ್‌ಸ್ಟೆಬಲ್ ಅದನ್ನು ಎತ್ತಿಕೊಂಡು ಪಾಕಿಸ್ತಾನಕ್ಕೆ ಪರಾರಿಯಾಗಿದ್ದ. ಸಂಸ್ಥೆ ಚಿನ್ನದ ಬೆಲೆ ಕೇಳಿ ಉತ್ತರ ಪ್ರದೇಶ ಸರ್ಕಾರದ ಮೇಲೆ ದಾವೆ ಹೂಡಿತು.

ಈ ಕಸ್ತೂರಿಲಾಲ್ ಪ್ರಕರಣ 1964ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ತೀರ್ಮಾನವಾಯಿತು. ಪೊಲೀಸರು ನಿರ್ಲಕ್ಷ್ಯ ತೋರಿದ್ದಾರೆಂಬುದನ್ನು ನ್ಯಾಯಪೀಠ ಒಪ್ಪಿತು. ಆದರೂ ಬಂಧನ, ಶೋಧ, ಜಪ್ತಿ ಸಾರ್ವಭೌಮ ಅಧಿಕಾರದ ಕೆಲಸಗಳಾದ್ದರಿಂದ ಸರ್ಕಾರ ಹಣ ಕೊಡಬೇಕಾಗಿಲ್ಲ ಎಂದು ತೀರ್ಪಿತ್ತಿತು. ಇದಕ್ಕೆ ಎರಡು ವರ್ಷ ಮೊದಲು, ಉದಯಪುರದ ಜಿಲ್ಲಾಧಿಕಾರಿಯ ಸರ್ಕಾರಿ ಜೀಪು ರಿಪೇರಿ ಮುಗಿಸಿಕೊಂಡು ಬರುವಾಗ ಪಾದಚಾರಿಯೊಬ್ಬರಿಗೆ ಡಿಕ್ಕಿ ಹೊಡೆದು ಅವರು ಮೃತಪಟ್ಟ ಪ್ರಕರಣದಲ್ಲಿ, ರಾಜಸ್ಥಾನ ಸರ್ಕಾರ ಪರಿಹಾರ ಕೊಡಬೇಕೆಂದು ಇದೇ ನ್ಯಾಯಾಲಯ ಹೇಳಿತ್ತು. ಎರಡನ್ನೂ ಜೋಡಿಸಿದರೆ ಸಿಗುವ ನಿಯಮ ಇದು: ಸರ್ಕಾರಿ ಚಾಲಕ ಅಜಾಗರೂಕತೆಯಿಂದ ಜೀಪು ಓಡಿಸಿದರೆ ಸರ್ಕಾರ ಹೊಣೆ, ಪೊಲೀಸನೊಬ್ಬ ಠಾಣೆಯಲ್ಲಿಟ್ಟಿದ್ದ ಚಿನ್ನವನ್ನು ಕದ್ದು ಓಡಿದರೆ ಹೊಣೆಯಲ್ಲ. ಪ್ರಜೆ ಸರ್ಕಾರದ ಮುಂದೆ ಅತ್ಯಂತ ನಿಸ್ಸಹಾಯಕನಾಗಿರುವ ಗಳಿಗೆಯಲ್ಲೇ ಸರ್ಕಾರಕ್ಕೆ ಅತಿ ಹೆಚ್ಚು ರಕ್ಷಣೆ ದೊರೆಯುವಂತಾಯಿತು.

ಈ ಫಲಿತಾಂಶ ತೀರ್ಪು ಬರೆದವರಿಗೂ ಸಮಾಧಾನ ತಂದಿರಲಿಲ್ಲ. ಕಾನೂನನ್ನು ಶಾಸಕಾಂಗವೇ ಸರಿಪಡಿಸಬೇಕೆಂದು ಅವರು ಆಗಲೇ ಸೂಚಿಸಿದ್ದರು. ಕಾನೂನು ಆಯೋಗ ತನ್ನ ಮೊಟ್ಟಮೊದಲ ವರದಿಯನ್ನು 1956ರಲ್ಲಿ ಇದೇ ವಿಷಯದ ಮೇಲೆ ಕೊಟ್ಟಿತ್ತು. 1960ರ ದಶಕದಲ್ಲಿ ಲೋಕಸಭೆಯಲ್ಲಿ ಮಂಡನೆಯಾದ ಮಸೂದೆ ಅಂಗೀಕಾರವಾಗದೆ ಬಿದ್ದುಹೋಯಿತು. ಈ ವಿನಾಯಿತಿಯ ಕಲ್ಪನೆಯನ್ನು ನಮಗೆ ಕೊಟ್ಟ ಬ್ರಿಟನ್ ತನ್ನ ನೆಲದಲ್ಲಿ ಅದನ್ನು 1947ರಲ್ಲೇ ಕಾಯ್ದೆ ತಂದು ಬಹುಮಟ್ಟಿಗೆ ಕೈಬಿಟ್ಟಿತ್ತು.

ರಿಟ್ ಅರ್ಜಿಯ ದಾರಿ ತೆರೆದದ್ದು

ಶಾಸಕಾಂಗ ಸುಮ್ಮನಿದ್ದಾಗ ನ್ಯಾಯಾಂಗ ಬೇರೆ ಬಾಗಿಲು ತೆರೆಯಿತು. ಬಿಹಾರದ ಮುಜಫ್ಫರ್‌ಪುರ ಜೈಲಿನಲ್ಲಿ ರುದುಲ್ ಶಾ ಎಂಬ ಕೈದಿಯಿದ್ದರು. 1968ರಲ್ಲಿ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತ್ತು, ಅವರು ಹೊರಬಂದದ್ದು 1982ರಲ್ಲಿ. ಖುಲಾಸೆಯಾದ ಮೇಲೆ 14 ವರ್ಷ ಅವರನ್ನು ಒಳಗಿಟ್ಟದ್ದಕ್ಕೆ ಸರ್ಕಾರದ ಬಳಿ ಒಪ್ಪುವಂಥ ಕಾರಣವಿರಲಿಲ್ಲ. 1983ರಲ್ಲಿ ಸುಪ್ರೀಂ ಕೋರ್ಟ್ 35,000 ರೂಪಾಯಿ ಕೊಡಿಸಿತು. ಸಂವಿಧಾನದ 21ನೇ ವಿಧಿ ಕೊಟ್ಟ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕಿನ ಉಲ್ಲಂಘನೆಗೆ ಬಿಡುಗಡೆಯ ಆದೇಶವಷ್ಟೇ ಉತ್ತರವಾದರೆ ಆ ಹಕ್ಕಿಗೆ ಅರ್ಥವೇ ಉಳಿಯುವುದಿಲ್ಲ ಎಂಬುದು ಅದರ ತರ್ಕ. ಇದು ತಾತ್ಕಾಲಿಕ ಉಪಶಮನ, ಪೂರ್ಣ ಪರಿಹಾರಕ್ಕೆ ಅವರು ಸಿವಿಲ್ ದಾವೆ ಹೂಡಬಹುದು ಎಂದೂ ತೀರ್ಪು ಸೇರಿಸಿತು. ಈ ಎರಡನೆಯ ಮಾತು ಮುಂದೆ ಬಹುತೇಕ ಮರೆತೇಹೋಯಿತು.

1993ರ ನೀಲಾಬತಿ ಬೆಹೆರಾ ಪ್ರಕರಣದಲ್ಲಿ ಈ ದಾರಿಗೆ ಗಟ್ಟಿ ಬುನಾದಿ ಸಿಕ್ಕಿತು. ಒಡಿಶಾದ ಠಾಣೆಯೊಂದರಲ್ಲಿ ರಾತ್ರಿ ಇದ್ದ 22ರ ಯುವಕನ ಶವ ಮರುದಿನ ರೈಲುಹಳಿಯ ಬಳಿ ಸಿಕ್ಕಿತ್ತು. ಯುವಕ ತಪ್ಪಿಸಿಕೊಂಡು ಓಡಿ ರೈಲಿಗೆ ಸಿಕ್ಕಿದನೆಂದು ಪೊಲೀಸರು ಹೇಳಿದರು. ದೇಹದ ಮೇಲಿನ ಗಾಯಗಳು ಬೇರೆಯದನ್ನೇ ಹೇಳಿದವು. ಸಾರ್ವಭೌಮ ವಿನಾಯಿತಿ ಖಾಸಗಿ ಕಾನೂನಿನ ದಾವೆಗೆ ಸಂಬಂಧಿಸಿದ್ದು, ಮೂಲಭೂತ ಹಕ್ಕಿನ ಉಲ್ಲಂಘನೆಗಾಗಿ ರಿಟ್ ಅಧಿಕಾರದಲ್ಲಿ ಕೊಡಿಸುವ ಪರಿಹಾರಕ್ಕೆ ಅದು ಅಡ್ಡಬರುವುದಿಲ್ಲ ಎಂದು ನ್ಯಾಯಾಲಯ ಸ್ಪಷ್ಟಪಡಿಸಿ, ತಾಯಿಗೆ 1.5 ಲಕ್ಷ ರೂಪಾಯಿ ಕೊಡಿಸಿತು. ಕುಪ್ವಾರಾ ಪ್ರಕರಣದಲ್ಲಿ ವಿಚಾರಣೆಗೆ ಮೊದಲೇ ಪರಿಹಾರ ಸಾಧ್ಯವಾದದ್ದು ಈ ತತ್ವದ ಬಲದಿಂದ. ಅಲ್ಲಿ ನ್ಯಾಯಾಲಯ ಯಾವ ವ್ಯಕ್ತಿಯನ್ನೂ ಅಪರಾಧಿಯೆಂದು ಘೋಷಿಸಲಿಲ್ಲ. ಸರ್ಕಾರದ ವಶದಲ್ಲಿದ್ದ ಮನುಷ್ಯನಿಗೆ ಹೀಗಾಯಿತು ಎಂಬುದು ದಾಖಲೆಗಳಿಂದಲೇ ಕಾಣುತ್ತಿದ್ದುದರಿಂದ ಸರ್ಕಾರವನ್ನು ಹೊಣೆಯಾಗಿಸಿತು.

ಇದೇ ಕಾಲದಲ್ಲಿ ಸಿವಿಲ್ ದಾವೆಗಳಲ್ಲೂ ಕಸ್ತೂರಿಲಾಲ್ ತೀರ್ಪಿನ ಬಿಗಿ ಸಡಿಲವಾಯಿತು. 1994ರ ನಾಗೇಂದ್ರ ರಾವ್ ಪ್ರಕರಣದಲ್ಲಿ, ಸರ್ಕಾರ ಜಪ್ತಿ ಮಾಡಿದ ಸರಕು ಕೊಳೆತು ಹಾಳಾದದ್ದಕ್ಕೆ ಆಂಧ್ರ ಪ್ರದೇಶ ಹೊಣೆಯೆಂದು ತೀರ್ಮಾನವಾಯಿತು. 2000ರಲ್ಲಿ, ಸಬ್‌ಜೈಲಿನ ಕೋಣೆಗೆ ಬಾಂಬ್ ಎಸೆದು ಕೈದಿಯೊಬ್ಬರನ್ನು ಕೊಂದ ಪ್ರಕರಣದಲ್ಲಿ ಮೃತರ ಮಕ್ಕಳು ಹೂಡಿದ್ದ ದಾವೆಯೂ ಗೆದ್ದಿತು. ಆ ಬಾಂಬ್ ದಾಳಿ ನಡೆದದ್ದು 1977ರಲ್ಲಿ. ಕಾಲಮಿತಿ, ಸಾರ್ವಭೌಮ ಅಧಿಕಾರ ಎಂಬ ಎರಡೂ ತಕರಾರುಗಳನ್ನು ದಾಟಿ ಅಂತಿಮವಾಗಿ ಸಿಕ್ಕ ಮೊತ್ತ 1.44 ಲಕ್ಷ ಮತ್ತು ಬಡ್ಡಿ. ಹಿಡಿದ ಕಾಲ 23 ವರ್ಷ. ಇಷ್ಟಾದರೂ ಕಸ್ತೂರಿಲಾಲ್ ತೀರ್ಪನ್ನು ನೇರವಾಗಿ ರದ್ದುಪಡಿಸಿಲ್ಲ. ಸರ್ಕಾರಿ ವಕೀಲರು ಈಗಲೂ ಅದನ್ನು ಲಿಖಿತ ಹೇಳಿಕೆಯಲ್ಲಿ ಎತ್ತಬಹುದು, ದಾವೆಯನ್ನು ವರ್ಷಗಟ್ಟಲೆ ಎಳೆಯಬಹುದು.

ರಿಟ್ ಅರ್ಜಿಯ ಮಿತಿ

ರಿಟ್ ವೇಗವಾಗಿ ಸಾಗುತ್ತದೆ, ಅದಕ್ಕೆ ಕಾರಣವೂ ಇದೆ. ಅಲ್ಲಿ ಸಾಮಾನ್ಯವಾಗಿ ಸಾಕ್ಷಿಗಳ ವಿಚಾರಣೆ ಇರುವುದಿಲ್ಲ, ಪಾಟಿ ಸವಾಲು ಇರುವುದಿಲ್ಲ. ಎರಡೂ ಕಡೆಯ ಪ್ರಮಾಣಪತ್ರಗಳನ್ನು ನೋಡಿ ತೀರ್ಮಾನಿಸಲಾಗುತ್ತದೆ. ಆದ್ದರಿಂದಲೇ ಸರ್ಕಾರ ಘಟನೆಯನ್ನೇ ಗಟ್ಟಿಯಾಗಿ ಅಲ್ಲಗಳೆದು, ದಾಖಲೆಗಳು ಅಸ್ಪಷ್ಟವಾಗಿದ್ದರೆ, ‘ಇದು ವಿವಾದಿತ ಸಂಗತಿ, ಸಿವಿಲ್ ನ್ಯಾಯಾಲಯಕ್ಕೆ ಹೋಗಿ’ ಎಂಬ ಉತ್ತರ ಬರುತ್ತದೆ. ವೈದ್ಯಕೀಯ ವರದಿ ಸ್ಪಷ್ಟವಾಗಿದ್ದವರಿಗೆ ರಿಟ್ ಫಲಿಸುತ್ತದೆ. ಹೊಡೆದ ಗುರುತು ಮಾಸಿದ ಮೇಲೆ ಹೊರಬಂದವರಿಗೆ, ಠಾಣೆಯಲ್ಲಿ ಕೂಡಿಟ್ಟದ್ದು ದಿನಚರಿಯಲ್ಲಿ ದಾಖಲಾಗದೇ ಇದ್ದವರಿಗೆ ಅದು ಕೈಕೊಡುತ್ತದೆ.

ಕರ್ನಾಟಕ ಹೈಕೋರ್ಟ್ 2022ರಲ್ಲಿ ತೀರ್ಮಾನಿಸಿದ ಒಂದು ಪ್ರಕರಣ ರಿಟ್ ಫಲಿಸುವ ಸಂದರ್ಭಕ್ಕೆ ಒಳ್ಳೆಯ ಉದಾಹರಣೆ. ಬೇರೊಬ್ಬರ ಹೆಸರಿನಲ್ಲಿದ್ದ ವಾರಂಟ್ ಹಿಡಿದು ಬಂದ ಪೊಲೀಸರು, ತಂದೆಯ ಹೆಸರು ಹೊಂದುತ್ತದೆ ಎಂಬ ಕಾರಣಕ್ಕೆ ಸಂಬಂಧವೇ ಇಲ್ಲದ ವ್ಯಕ್ತಿಯನ್ನು ಬಂಧಿಸಿದ್ದರು. ನ್ಯಾಯಾಲಯ 5 ಲಕ್ಷ ರೂಪಾಯಿ ಪರಿಹಾರ ಕೊಡಿಸಿ, ಬಂಧನಕ್ಕೆ ಮೊದಲು ಗುರುತು ಖಚಿತಪಡಿಸಿಕೊಳ್ಳುವ ಬಗ್ಗೆ ಮಾರ್ಗಸೂಚಿ ರೂಪಿಸಲು ಹೇಳಿತು. ಇಲ್ಲಿ ವಾರಂಟ್ ಒಂದು ಕಡೆ, ಬಂಧಿತರ ಗುರುತಿನ ಚೀಟಿ ಇನ್ನೊಂದು ಕಡೆ; ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ತಪ್ಪು ಕಾಣುತ್ತಿತ್ತು, ಸಾಕ್ಷಿ ವಿಚಾರಣೆಯ ಅಗತ್ಯವಿರಲಿಲ್ಲ.

ಮೊತ್ತದ ಏರುಪೇರಿಗೂ ಕಾರಣ ಇಲ್ಲೇ ಇದೆ. ಸಿವಿಲ್ ದಾವೆಯಲ್ಲಿ ಕಳೆದುಹೋದ ದುಡಿಮೆ, ಚಿಕಿತ್ಸೆಯ ವೆಚ್ಚ, ಮುಂದಿನ ಗಳಿಕೆ, ಮಾನಸಿಕ ವೇದನೆ ಎಂದು ಬಾಬ್ತುವಾರು ಲೆಕ್ಕ ಮಾಡುತ್ತಾರೆ. ರಿಟ್‌ನಲ್ಲಿ ನ್ಯಾಯಾಧೀಶರು ಒಟ್ಟಾರೆ ಸಂದರ್ಭ ನೋಡಿ ಒಂದು ಅಂಕಿ ನಿಗದಿಪಡಿಸುತ್ತಾರೆ, ಅದಕ್ಕೆ ಕೋಷ್ಟಕವಿಲ್ಲ. ರಸ್ತೆ ಅಪಘಾತದಲ್ಲಿ ಗಾಯಗೊಂಡವರಿಗೆ ವಯಸ್ಸು, ಆದಾಯ ನೋಡಿ ಪರಿಹಾರ ಲೆಕ್ಕಹಾಕುವ ಖಚಿತ ಸೂತ್ರ ನಮ್ಮಲ್ಲಿದೆ. ಲಾಕಪ್‌ನಲ್ಲಿ ಗಾಯಗೊಂಡವರಿಗೆ ಇಲ್ಲ.

ಕರ್ನಾಟಕದಲ್ಲಿ ದಾವೆ ಹೂಡಲು ಹೊರಟವರಿಗೆ

ಸಿವಿಲ್ ದಾವೆಯ ದಾರಿಯಲ್ಲಿ ಮೊದಲು ಸಿಗುವುದು ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮು. ಸರ್ಕಾರದ ಮೇಲೆ, ಅಥವಾ ಅಧಿಕಾರಿಯ ಕರ್ತವ್ಯಕ್ಕೆ ಸಂಬಂಧಿಸಿದ ಕೃತ್ಯಕ್ಕಾಗಿ ಆತನ ಮೇಲೆ ದಾವೆ ಹೂಡುವ ಎರಡು ತಿಂಗಳು ಮೊದಲು ಲಿಖಿತ ನೋಟಿಸ್ ಕೊಡಬೇಕು. ವಾದಿಯ ಹೆಸರು, ವಿಳಾಸ, ದಾವೆಯ ಕಾರಣ, ಕೇಳುವ ಪರಿಹಾರ ಎಲ್ಲವೂ ಅದರಲ್ಲಿರಬೇಕು. ಸರ್ಕಾರಕ್ಕೆ ತಪ್ಪು ತಿದ್ದಿಕೊಳ್ಳಲು ಸಮಯ ಸಿಗಲಿ ಎಂಬುದು ಇದರ ಆಶಯ. ಆಚರಣೆಯಲ್ಲಿ ಎಷ್ಟೋ ನೋಟಿಸುಗಳಿಗೆ ಉತ್ತರವೇ ಬರುವುದಿಲ್ಲ.

ಕರ್ನಾಟಕದಲ್ಲಿ ಇದರ ಮೇಲೆ ಇನ್ನೊಂದು ಬಾಗಿಲಿದೆ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಮಿನ ಪ್ರಕಾರ, ಪೊಲೀಸ್ ಅಧಿಕಾರಿ ಕರ್ತವ್ಯದ ಹೆಸರಿನಲ್ಲಿ, ಅಥವಾ ಕರ್ತವ್ಯದ ಮಿತಿ ಮೀರಿ ಮಾಡಿದ ಕೃತ್ಯಕ್ಕಾಗಿ ಮೊಕದ್ದಮೆಯನ್ನಾಗಲಿ ದಾವೆಯನ್ನಾಗಲಿ ಸರ್ಕಾರದ ಪೂರ್ವಾನುಮತಿ ಇಲ್ಲದೆ ನ್ಯಾಯಾಲಯ ಪುರಸ್ಕರಿಸುವಂತಿಲ್ಲ. ‘ಮಿತಿ ಮೀರಿ’ ಎಂಬ ಮಾತು ಗಮನಾರ್ಹ, ಏಕೆಂದರೆ ಅಧಿಕಾರ ಮೀರಿದ ನಡತೆಗೂ ರಕ್ಷಣೆ ಅನ್ವಯವಾಗುತ್ತದೆ. ಬೆಂಗಳೂರಿನ ಪೊಲೀಸ್ ಅಧಿಕಾರಿಯ ಮೇಲೆ ಸಲ್ಲಿಸಿದ್ದ ಖಾಸಗಿ ಕ್ರಿಮಿನಲ್ ದೂರನ್ನು ಸುಪ್ರೀಂ ಕೋರ್ಟ್ 2020ರ ಜೂನ್‌ನಲ್ಲಿ ರದ್ದುಪಡಿಸಿದ್ದು ಇದೇ ಕಲಮಿನ ಆಧಾರದ ಮೇಲೆ. ಕೃತ್ಯಕ್ಕೂ ಕರ್ತವ್ಯಕ್ಕೂ ಸಮಂಜಸ ಸಂಬಂಧವಿದ್ದರೆ, ಕರ್ತವ್ಯದ ಮಿತಿ ಮೀರಿದ್ದರೂ ಅನುಮತಿ ಬೇಕು. ಕರ್ತವ್ಯಕ್ಕೆ ಯಾವ ಸಂಬಂಧವೂ ಇಲ್ಲದ ಕೃತ್ಯಕ್ಕೆ ಬೇಡ ಎಂಬುದು ಅಲ್ಲಿ ಸ್ಪಷ್ಟವಾದ ನಿಯಮ. ಕ್ರಿಮಿನಲ್ ಮೊಕದ್ದಮೆಗಳ ಮಟ್ಟಿಗೆ 2024ರ ಜುಲೈನಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಒಂದು ಸುಧಾರಣೆ ತಂದಿದೆ. ಅದರ 218ನೇ ಕಲಮಿನಡಿ ಕೇಳಿದ ಅನುಮತಿಯ ಬಗ್ಗೆ ಸರ್ಕಾರ 120 ದಿನಗಳೊಳಗೆ ತೀರ್ಮಾನಿಸದಿದ್ದರೆ ಅನುಮತಿ ಕೊಟ್ಟಂತೆಯೇ ಲೆಕ್ಕ. ಸಿವಿಲ್ ದಾವೆಗೆ 170ನೇ ಕಲಮಿನಡಿ ಕೇಳುವ ಅನುಮತಿಗೆ ಅಂಥ ಗಡುವಿಲ್ಲ.

ಮೂರನೆಯ ತೊಡಕು ಕಾಲಮಿತಿ. ಅಕ್ರಮ ಬಂಧನಕ್ಕೆ ನಷ್ಟಪರಿಹಾರ ಕೇಳುವ ದಾವೆಯನ್ನು ಬಂಧನ ಕೊನೆಗೊಂಡ ಒಂದು ವರ್ಷದೊಳಗೆ ಹೂಡಬೇಕು. ಇದರ ಪರಿಣಾಮವನ್ನು ಬಿಡಿಸಿ ನೋಡೋಣ. ಸುಳ್ಳು ಪ್ರಕರಣದಲ್ಲಿ ಬಂಧನವಾಗಿ ಜಾಮೀನಿನ ಮೇಲೆ ಹೊರಬಂದ ವ್ಯಕ್ತಿಯ ಮೇಲೆ ಕ್ರಿಮಿನಲ್ ಪ್ರಕರಣ ಇನ್ನೂ ನಡೆಯುತ್ತಿರುತ್ತದೆ. ಆಗ ಅದೇ ಪೊಲೀಸರ ಮೇಲೆ ದಾವೆ ಹೂಡಲು ಯಾವ ವಕೀಲರೂ ಸುಲಭವಾಗಿ ಸಲಹೆ ಕೊಡುವುದಿಲ್ಲ. ಪ್ರಕರಣ ಹಲವು ವರ್ಷ ನಡೆದು ಖುಲಾಸೆಯಾಗುವ ಹೊತ್ತಿಗೆ ಅಕ್ರಮ ಬಂಧನದ ದಾವೆಗೆ ಅವಧಿ ಮೀರಿರುತ್ತದೆ. ಆಗ ಉಳಿಯುವುದು ದುರುದ್ದೇಶದ ಮೊಕದ್ದಮೆಗೆ ಪರಿಹಾರ ಕೇಳುವ ದಾವೆ. ಅದಕ್ಕೆ ಖುಲಾಸೆಯಾದಂದಿನಿಂದ ಒಂದು ವರ್ಷವಿದೆ. ಆದರೆ ಖುಲಾಸೆಯಾದರೆ ಸಾಲದು, ಮೊಕದ್ದಮೆ ಹೂಡಲು ಸಮಂಜಸ ಕಾರಣವಿರಲಿಲ್ಲವೆಂದೂ ಅದರ ಹಿಂದೆ ದುರುದ್ದೇಶವಿತ್ತೆಂದೂ ವಾದಿಯೇ ಸಾಬೀತುಪಡಿಸಬೇಕು.

ನೋಟಿಸ್ ಮತ್ತು ಅನುಮತಿಗೆ ಹಿಡಿದ ಸಮಯವನ್ನು ಕಾಲಮಿತಿಯ ಲೆಕ್ಕದಿಂದ ಕಳೆಯಲು ಕಾಲಮಿತಿ ಕಾಯ್ದೆಯ 15ನೇ ಕಲಮಿನಲ್ಲಿ ಅವಕಾಶವಿದೆ. ಆದ್ದರಿಂದ ಸರ್ಕಾರ ಅನುಮತಿಯ ಕಡತವನ್ನು ಇಟ್ಟುಕೊಂಡು ಕುಳಿತರೂ ದಾವೆಯ ಹಕ್ಕು ಸಾಯುವುದಿಲ್ಲ. ಸಾಯುವುದು ಸಾಕ್ಷ್ಯ. ಎಲ್ಲ ಠಾಣೆಗಳಲ್ಲಿ ಸಿಸಿಟಿವಿ ಅಳವಡಿಸಿ ದೃಶ್ಯಾವಳಿಯನ್ನು 18 ತಿಂಗಳು, ಅದಾಗದಿದ್ದರೆ ಕನಿಷ್ಠ ಒಂದು ವರ್ಷ ಉಳಿಸಬೇಕೆಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಆದೇಶಿಸಿದೆ. ಅನುಮತಿಗೆ ಕಾಯುತ್ತ ಎರಡು ವರ್ಷ ಕಳೆದವರು ನ್ಯಾಯಾಲಯಕ್ಕೆ ಬರುವ ಹೊತ್ತಿಗೆ, ಆ ರಾತ್ರಿ ಲಾಕಪ್ಪಿನ ಮುಂದೆ ಯಾರು ನಿಂತಿದ್ದರೆಂದು ತೋರಿಸುವ ದೃಶ್ಯ ಅಳಿಸಿಹೋಗಿರಬಹುದು. ಹೀಗಾಗಿ ದೃಶ್ಯಾವಳಿಯನ್ನು ಕಾಯ್ದಿಡುವಂತೆ ಘಟನೆಯಾದ ಕೆಲವೇ ದಿನಗಳಲ್ಲಿ ಲಿಖಿತವಾಗಿ ಕೋರುವುದು, ಬಿಡುಗಡೆಯಾದ ದಿನವೇ ಸರ್ಕಾರಿ ಆಸ್ಪತ್ರೆಯಲ್ಲಿ ಗಾಯಗಳನ್ನು ದಾಖಲಿಸುವುದು ದಾವೆಗಿಂತ ಮೊದಲು ಆಗಬೇಕಾದ ಕೆಲಸಗಳು.

ಇವೆಲ್ಲದರ ಮೇಲೆ, ಕೇಳುವ ಮೊತ್ತಕ್ಕೆ ತಕ್ಕಂತೆ ನ್ಯಾಯಾಲಯ ಶುಲ್ಕ ಕಟ್ಟಬೇಕು. ಗತಿಯಿಲ್ಲದವರಿಗೆ ವಿನಾಯಿತಿ ಇದೆ, ಅದಕ್ಕೂ ಪ್ರತ್ಯೇಕ ಅರ್ಜಿ, ವಿಚಾರಣೆ ಇವೆ.

ಪೊಲೀಸರ ಪಕ್ಷದ ವಾದ

ಪೂರ್ವಾನುಮತಿಯ ರಕ್ಷಣೆಯನ್ನು ಸಮರ್ಥಿಸುವವರ ವಾದವನ್ನು ತಳ್ಳಿಹಾಕುವಂತಿಲ್ಲ. ಪೊಲೀಸರ ಕೆಲಸವೇ ಇನ್ನೊಬ್ಬರಿಗೆ ಅಪ್ರಿಯವಾದದ್ದು. ಬಂಧಿತರಾದ ಪ್ರತಿಯೊಬ್ಬರಿಗೂ ಬಂಧಿಸಿದವರ ಮೇಲೆ ಸಿಟ್ಟಿರುತ್ತದೆ, ಹಣವಂತ ಆರೋಪಿಗಳಿಗೆ ದಾವೆ ಹೂಡುವ ಸಾಮರ್ಥ್ಯವೂ ಇರುತ್ತದೆ. ದೊಡ್ಡವರ ಮೇಲೆ ತನಿಖೆ ನಡೆಸುವ ಪ್ರಾಮಾಣಿಕ ಸಬ್ ಇನ್‌ಸ್ಪೆಕ್ಟರ್ ಊರೂರಿನ ನ್ಯಾಯಾಲಯಗಳಿಗೆ ತನ್ನ ಸಂಬಳದಲ್ಲಿ ವಕೀಲರನ್ನಿಟ್ಟು ಅಲೆಯಬೇಕಾಗಿ ಬಂದರೆ, ಮುಂದಿನ ಸಲ ಅಂಥ ತನಿಖೆಗೆ ಕೈಹಾಕುವುದಿಲ್ಲ. ಗಲಭೆಯ ನಡುವೆ ಕ್ಷಣದಲ್ಲಿ ತೆಗೆದುಕೊಂಡ ನಿರ್ಧಾರವನ್ನು ಹತ್ತು ವರ್ಷದ ನಂತರ ತಣ್ಣಗೆ ಕುಳಿತು ಅಳೆಯುವುದರಲ್ಲಿಯೂ ಅನ್ಯಾಯವಿದೆ.

ಆದರೆ ಈ ವಾದ ರಕ್ಷಣೆಯೊಂದು ಬೇಕು ಎಂಬುದನ್ನು ಸಮರ್ಥಿಸುತ್ತದೆಯೇ ಹೊರತು, ಆ ರಕ್ಷಣೆಯ ಕೀಲಿ ಸರ್ಕಾರದ ಕೈಯಲ್ಲೇ ಇರಬೇಕು ಎಂಬುದನ್ನಲ್ಲ. ಅನುಮತಿ ಕೊಡಬೇಕಾದ ಸರ್ಕಾರ ಅದೇ ದಾವೆಯಲ್ಲಿ ಬಹುತೇಕ ಸಹ ಪ್ರತಿವಾದಿ, ಹಣ ಕೊಡಬೇಕಾಗಿ ಬರುವುದೂ ಅದಕ್ಕೇ. ಹುರುಳಿಲ್ಲದ ದಾವೆಯನ್ನು ಆರಂಭದಲ್ಲೇ ತಿರಸ್ಕರಿಸುವ ಅಧಿಕಾರ ನ್ಯಾಯಾಧೀಶರಿಗೆ ಈಗಾಗಲೇ ಇದೆ. ಸದ್ಭಾವನೆಯಿಂದ ಕೆಲಸ ಮಾಡಿದ ಅಧಿಕಾರಿಯ ಪರ ವಾದಿಸುವ ವೆಚ್ಚವನ್ನು ಸರ್ಕಾರ ಭರಿಸಬಹುದು. ಪ್ರಾಮಾಣಿಕರನ್ನು ಕಾಯಲು ಇವು ಸಾಕು. ಕಡತವನ್ನು ಮೇಜಿನ ಮೇಲೆ ಕೊಳೆಸುವ ಅಧಿಕಾರ ಬೇಕಾಗಿಲ್ಲ.

ಕೊನೆಗೆ ಹಣ ಕೊಡುವವರು

ಹಣ ಯಾರದು ಎಂಬ ಪ್ರಶ್ನೆಗೆ ಇಸ್ರೋ ವಿಜ್ಞಾನಿ ನಂಬಿ ನಾರಾಯಣನ್ ಅವರ ಪ್ರಕರಣಕ್ಕಿಂತ ಸ್ಪಷ್ಟ ಉತ್ತರ ಬೇರೆಡೆ ಸಿಗದು. ಬೇಹುಗಾರಿಕೆಯ ಆರೋಪದಲ್ಲಿ ಕೇರಳ ಪೊಲೀಸರು ಅವರನ್ನು 1994ರ ನವೆಂಬರ್ 30ರಂದು ಬಂಧಿಸಿದರು. ಆರೋಪಕ್ಕೆ ಆಧಾರವಿಲ್ಲವೆಂದು ಸಿಬಿಐ 1996ರಲ್ಲಿ ವರದಿ ಕೊಟ್ಟಿತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2001ರಲ್ಲಿ 10 ಲಕ್ಷದ ಮಧ್ಯಂತರ ಪರಿಹಾರ ಸೂಚಿಸಿತು. 2018ರ ಸೆಪ್ಟೆಂಬರ್ 14ರಂದು ಸುಪ್ರೀಂ ಕೋರ್ಟ್ 50 ಲಕ್ಷ ಕೊಡಿಸಿ, ಅಧಿಕಾರಿಗಳ ಪಾತ್ರ ಪರಿಶೀಲಿಸಲು ಸಮಿತಿ ರಚಿಸಿತು. ಅವರು ಹೂಡಿದ್ದ ಸಿವಿಲ್ ದಾವೆ ಇದರಾಚೆಗೆ ಮುಂದುವರಿಯಬಹುದೆಂದೂ ಹೇಳಿತು. ಆ ದಾವೆಯನ್ನು 2020ರಲ್ಲಿ ಕೇರಳ ಸರ್ಕಾರ 1.3 ಕೋಟಿ ರೂಪಾಯಿ ಕೊಟ್ಟು ರಾಜಿಯಲ್ಲಿ ಮುಗಿಸಿತು. ಆಯೋಗ, ರಿಟ್, ದಾವೆ ಎಂಬ ಮೂರೂ ದಾರಿಗಳಲ್ಲಿ ಬಂದ ಹಣ ಸರ್ಕಾರದ್ದು. ರಾಜಿಯಾದ್ದರಿಂದ, ಬಂಧಿಸಿದ ಅಧಿಕಾರಿಗಳು ಆ ದಾವೆಯಲ್ಲಿ ಸಾಕ್ಷಿಕಟ್ಟೆ ಹತ್ತಿ ಪಾಟಿ ಸವಾಲಿಗೆ ಉತ್ತರಿಸುವ ಸಂದರ್ಭವೂ ಉಳಿಯಲಿಲ್ಲ. ಅದೇ ಪ್ರಕರಣದಲ್ಲಿ ಬಂಧಿತರಾಗಿದ್ದ ಆರು ಮಂದಿಯಲ್ಲಿ ಬೆಂಗಳೂರಿನವರು ಇಬ್ಬರಿದ್ದರು. 2018ರ ಆದೇಶ ನ್ಯಾಯಾಲಯದ ಮುಂದಿದ್ದ ಅರ್ಜಿದಾರರೊಬ್ಬರಿಗಷ್ಟೇ ಅನ್ವಯಿಸಿತು.

ಅಧಿಕಾರಿಗಳೇ ಸ್ವಂತ ಹಣದಿಂದ ತೆರಬೇಕು ಎಂಬ ಮಾತು 2024ರ ನವೆಂಬರ್ 13ರ ಬುಲ್ಡೋಜರ್ ತೀರ್ಪಿನಲ್ಲಿ ಬಲವಾಗಿ ಕೇಳಿಬಂತು. ಮಾರ್ಗಸೂಚಿ ಮೀರಿ ಮನೆ ಕೆಡವಿದರೆ, ಕೆಡವಿದ ಅಧಿಕಾರಿ ತನ್ನ ಸ್ವಂತ ವೆಚ್ಚದಲ್ಲಿ ಆಸ್ತಿಯನ್ನು ಮೊದಲಿನ ಸ್ಥಿತಿಗೆ ತರಬೇಕು, ನಷ್ಟಪರಿಹಾರವನ್ನೂ ಕೊಡಬೇಕು ಎಂದು ಸುಪ್ರೀಂ ಕೋರ್ಟ್ ಎಚ್ಚರಿಸಿತು. ಐದು ತಿಂಗಳೊಳಗೆ, 2025ರ ಏಪ್ರಿಲ್ 1ರಂದು, 2021ರಲ್ಲಿ ಪ್ರಯಾಗರಾಜ್‌ನಲ್ಲಿ ಕಾನೂನು ಮೀರಿ ಕೆಡವಿದ ಮನೆಗಳ ಪ್ರಕರಣ ತೀರ್ಮಾನವಾಯಿತು. ಮನೆ ಕಳೆದುಕೊಂಡವರಿಗೆ ತಲಾ 10 ಲಕ್ಷ ಕೊಡಬೇಕಾಗಿ ಬಂದದ್ದು ಅಭಿವೃದ್ಧಿ ಪ್ರಾಧಿಕಾರಕ್ಕೆ.

ಅಮೆರಿಕದಲ್ಲಿಯೂ ಅಧಿಕಾರಿಗಳು ಸ್ವಂತ ಹಣ ಕೊಡುವುದು ಅಪರೂಪ. ಅಲ್ಲಿನ ಹಲವಾರು ಪೊಲೀಸ್ ಇಲಾಖೆಗಳ ದಾಖಲೆ ಪರಿಶೀಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಇಂಥ ದಾವೆಗಳಲ್ಲಿ ವಾದಿಗಳಿಗೆ ಸಂದ ಹಣದ ಶೇ 99.98 ಭಾಗವನ್ನು ಭರಿಸಿದ್ದು ಸರ್ಕಾರಗಳೇ. ಆದರೆ ಅಲ್ಲಿ ದಾವೆಯ ಹಾದಿಯಲ್ಲಿ ಇಲಾಖೆಯ ಕಡತಗಳು, ವಿಡಿಯೊಗಳು, ಅಧಿಕಾರಿಯ ಹಿಂದಿನ ದೂರುಗಳ ದಾಖಲೆ ವಾದಿಯ ಕೈಗೆ ಬರುತ್ತವೆ. ಅಧಿಕಾರಿ ಪ್ರಮಾಣ ಮಾಡಿ ಹೇಳಿಕೆ ಕೊಡಬೇಕಾಗುತ್ತದೆ. ಆದ್ದರಿಂದ ವಸೂಲಿಯೊಂದನ್ನೇ ಗುರಿಯಾಗಿಸಿಕೊಂಡರೆ ನಿರಾಶೆಯಾದೀತು. 50 ಲಕ್ಷ ರೂಪಾಯಿಯನ್ನು ಒಬ್ಬ ಇನ್‌ಸ್ಪೆಕ್ಟರನ ಸಂಬಳದಿಂದ ಕಡಿತ ಮಾಡುತ್ತ ಹೋದರೆ ಸಂತ್ರಸ್ತರು ಬದುಕಿರುವಾಗ ಅದು ತೀರುವುದಿಲ್ಲ. ಸಂತ್ರಸ್ತರಿಗೆ ಸರ್ಕಾರ ತಕ್ಷಣ ಕೊಡಬೇಕು, ಆಮೇಲೆ ಅಧಿಕಾರಿಯಿಂದ ಒಂದು ಪಾಲನ್ನಾದರೂ ವಸೂಲು ಮಾಡಬೇಕು, ಎಷ್ಟು ವಸೂಲಾಯಿತೆಂದು ಪ್ರಕಟಿಸಬೇಕು. ಈ ಮೂರರಲ್ಲಿ ಮೊದಲನೆಯದನ್ನು ನ್ಯಾಯಾಲಯಗಳು ಬಹುಮಟ್ಟಿಗೆ ಸಾಧಿಸಿವೆ. ಉಳಿದೆರಡು ಆಡಳಿತದ ಕೆಲಸ, ಅವುಗಳ ಬೆನ್ನುಹತ್ತುವವರು ಕಡಿಮೆ.

ರಾಜ್ಯ ಮಾಡಬಹುದಾದದ್ದು

ಸಂಸತ್ತು ಕಾಯ್ದೆ ಮಾಡಲಿ ಎಂದು ಕಾಯುತ್ತ ಆರು ದಶಕ ಕಳೆದಿದೆ. ಕರ್ನಾಟಕ ಕಾಯಬೇಕಾಗಿಯೇ ಇಲ್ಲ. ಪೊಲೀಸ್ ವ್ಯವಸ್ಥೆ ಸಂವಿಧಾನದ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿದೆ. ದಾವೆಗೆ ಅರ್ಹವಾದ ಅಪಕೃತ್ಯಗಳು ಸಮವರ್ತಿ ಪಟ್ಟಿಯ 8ನೇ ನಮೂದಿನಲ್ಲಿವೆ. 300ನೇ ವಿಧಿಯೇ ರಾಜ್ಯ ವಿಧಾನಮಂಡಲಕ್ಕೆ ತನ್ನ ಸರ್ಕಾರದ ಹೊಣೆಯನ್ನು ನಿಗದಿಪಡಿಸುವ ಅವಕಾಶ ಕೊಟ್ಟಿದೆ. 170ನೇ ಕಲಮು ರಾಜ್ಯದ್ದೇ ಕಾಯ್ದೆಯ ಭಾಗವಾಗಿರುವುದರಿಂದ, ಸಿವಿಲ್ ದಾವೆಗಳನ್ನು ಅದರ ವ್ಯಾಪ್ತಿಯಿಂದ ಹೊರಗಿಡುವ, ಅಥವಾ ಕನಿಷ್ಠಪಕ್ಷ 120 ದಿನಗಳ ಗಡುವನ್ನು ಅಲ್ಲಿಗೂ ವಿಸ್ತರಿಸುವ ತಿದ್ದುಪಡಿಯನ್ನು ವಿಧಾನಸಭೆ ಒಂದೇ ಅಧಿವೇಶನದಲ್ಲಿ ತರಬಹುದು. ನೋಟಿಸ್ ತಲುಪಿದ ದಿನದಿಂದಲೇ ಆ ಠಾಣೆಯ ದೃಶ್ಯಾವಳಿಯನ್ನೂ ದಿನಚರಿಯನ್ನೂ ದಾವೆ ಮುಗಿಯುವವರೆಗೆ ಕಾಯ್ದಿಡುವ ಹೊಣೆಯನ್ನು ಠಾಣಾಧಿಕಾರಿಯ ಮೇಲೆ ಹೊರಿಸಬಹುದು, ಕಾಯ್ದಿಡದಿದ್ದರೆ ವಾದಿಯ ಹೇಳಿಕೆಯೇ ಸರಿಯೆಂದು ನ್ಯಾಯಾಲಯ ಭಾವಿಸಬಹುದೆಂದು ಬರೆಯಬಹುದು. ಅಂಥ ತಿದ್ದುಪಡಿ ಬಂದರೆ ಆರಂಭದ ವರ್ಷಗಳಲ್ಲಿ ದಾವೆಗಳ ಸಂಖ್ಯೆ ಏರುವುದು, ಸರ್ಕಾರದ ಮೇಲೆ ಹಣದ ಹೊರೆ ಹೆಚ್ಚುವುದು ಖಂಡಿತ. ಯಾವ ಠಾಣೆಯಿಂದ, ಯಾರ ಕೈಕೆಳಗೆ, ಎಷ್ಟು ಹಣ ಹೋಗುತ್ತಿದೆ ಎಂಬ ಲೆಕ್ಕ ಗೃಹ ಇಲಾಖೆಯ ಮೇಜಿಗೆ ಬರುವುದೂ ಆಗಲೇ.